ಎಡಗೆನ್ನೆಯ ಮಚ್ಚೆ

"ಈ ಕಾಗದದಲ್ಲಿರೋ ಹೆಂಗಸು ನೀನಲ್ಲ ಕಣಮ್ಮ," ಎಂದರು ಶಿರಸ್ತೇದಾರ್ ಕಸ್ತೂರಿರಂಗಯ್ಯ.

ಮಳವಳ್ಳಿ ಅಮಲ್ದಾರ್ ಕಚೇರಿಯ ಜಗುಲಿಯಲ್ಲಿ ಬೆಳಗಿನಿಂದ ನಿಂತು ಇಂದ್ರಮ್ಮನ ಕಾಲುಗಳು ಮರಗಟ್ಟಿದ್ದವು. ಕೇಳಿದ್ದು ಸರಿಯೋ ಅಲ್ಲವೋ ಎಂದು ತಲೆಯೆತ್ತಿದಳು.

"ನಾನೇ ಸ್ವಾಮಿ. ಪಟಾಲಂನಾಗೆ ಸಿಪಾಯಿ ಆಗವ್ರಲ್ಲ, ಅವ್ರ ಎಂಡ್ತಿ."

"ಅದನ್ನ ನೀನು ಹೇಳಿದರೆ ಸಾಲದು, ಚಹರೆಪಟ್ಟಿ ಹೇಳಬೇಕು. ಎತ್ತರ ಐದಡಿ ಒಂದಂಗುಲ. ಸರಿ. ವಯಸ್ಸು ಇಪ್ಪತ್ತೆರಡು. ಸರಿ. ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ. ಎಡಹುಬ್ಬಿನ ತುದಿಯಲ್ಲಿ ಹಳೇ ಗಾಯದ ಗೀರು." ಅವರು ಕನ್ನಡಕದ ಮೇಲಿನಿಂದ ಅವಳ ಮುಖ ನೋಡಿದರು. "ನಿನಗೆ ಎರಡೂ ಬಲಗಡೆ ಇದೆ. ಒಂದು ತಪ್ಪಾಗಿದ್ದರೆ ಬರೆದವನ ಕೈತಪ್ಪು ಅನ್ನಬಹುದಿತ್ತು. ಎರಡೂ ತಪ್ಪಾದರೆ ನಾನು ಏನು ಅಂತ ತಿಳಿಯಲಿ, ನೀನೇ ಹೇಳು."

ಇಂದ್ರಮ್ಮ ತಾನಾಗಿಯೇ ಬಲಗೆನ್ನೆಯನ್ನು ಮುಟ್ಟಿಕೊಂಡಳು. ಮಚ್ಚೆ ಅಲ್ಲಿಯೇ ಇತ್ತು.

ಅವಳ ಗಂಡ ಸಿದ್ದರಾಜು ಬೆಂಗಳೂರು ದಂಡಿನಲ್ಲಿ ನಾಯಕ್. ಅವನ ತುಕಡಿಗೆ ಸಿಂಗಪುರದ ಪಕ್ಕದ ಒಂದು ಪುಟ್ಟ ದ್ವೀಪಕ್ಕೆ ಮೂರು ವರ್ಷದ ವರ್ಗವಾಗಿತ್ತು. ಈ ಸಲ ಹೆಂಡತಿಯನ್ನು ಕರೆದೊಯ್ಯಲು ಅಪ್ಪಣೆ ಸಿಕ್ಕಿತ್ತು. ಸಿಪಾಯಿ ತನ್ನ ಹೆಂಡತಿಯ ಚಹರೆ ಹೇಳಿ ಬರೆಸಬೇಕು, ಊರಿನ ಅಮಲ್ದಾರರು ಅವಳನ್ನು ನೋಡಿ ಮುದ್ರೆ ಹಾಕಬೇಕು. ಮುದ್ರೆ ಬಿದ್ದರೆ ಹಡಗಿನಲ್ಲಿ ಜಾಗ. ಬೀಳದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅಂದು ೧೯೩೭ರ ಫೆಬ್ರವರಿ ಹನ್ನೊಂದು, ಗುರುವಾರ. ಸೋಮವಾರ ಬೆಂಗಳೂರಿನಲ್ಲಿ ಹಾಜರಿ. ಬುಧವಾರ ಮದ್ರಾಸಿನಿಂದ ಹಡಗು.

"ನೀವೇ ತಿದ್ಕೊಳಿ ಸ್ವಾಮಿ. ನನ್ನ ಮುಖ ನಿಮ್ಮ ಕಣ್ಣೆದುರಿಗೇ ಐತಲ್ಲ."

"ನಾನು ತಿದ್ದಿದರೆ ನನ್ನ ಕೆಲಸ ಹೋಗುತ್ತೆ. ಬರೆಸಿದವನೇ ಬಂದು ತಿದ್ದಿ, ಕಾರಣ ಕೊಟ್ಟು, ರುಜು ಹಾಕಬೇಕು. ಶನಿವಾರ ಹನ್ನೊಂದಕ್ಕೆ ಅಮಲ್ದಾರರು ಹಳ್ಳಿಗಳ ಸರ್ಕೀಟು ಹೊರಡ್ತಾರೆ. ಅದಕ್ಕೆ ಮುಂಚೆ ಬರಬೇಕು." ಅವರ ದನಿ ಸ್ವಲ್ಪ ಮೆತ್ತಗಾಯಿತು. "ಅವನು ನಿನ್ನನ್ನು ನೋಡಿ ಎಷ್ಟು ದಿನ ಆಯ್ತಮ್ಮ?"

ಆ ಪ್ರಶ್ನೆ ಅವಳಿಗೆ ಚುರುಕ್ಕೆಂದಿತು.

"ಅವ್ರು ನನ್ನ ಮರ್ತಿರಬೌದು. ನಾನು ಮರ್ತಿಲ್ಲ. ಅವ್ರ ಗದ್ದದ ಬಲಗಡೆ ಗಾಯ ಐತೆ, ಮೂರು ಹೊಲಿಗೆ. ಬೇಕಾದ್ರೆ ಬರ್ಕಳಿ!"

"ಅವನ ಚಹರೆ ನನಗೆ ಬೇಡಮ್ಮ," ಎಂದರು ಕಸ್ತೂರಿರಂಗಯ್ಯ. "ನಿನ್ನದು ಬೇಕು."

ಮದ್ದೂರು ಕಡೆ ಹೋಗುವ ಬಸ್ಸಿನಲ್ಲಿ ಇಂದ್ರಮ್ಮ ಕಿಟಕಿಗೆ ತಲೆಯಾನಿಸಿ ಕೂತಳು. ಮಂಡ್ಯದ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದ್ದವು. ನಾಲ್ಕು ಮೈಲಿಗೆ ಬಸ್ಸು ಮುಕ್ಕಾಲು ಗಂಟೆ ತಿಂದಿತು. ಅವಳಿಗೆ ಕೋಪ ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ.

ಮನೆಯಲ್ಲಿ ಅವಳ ತಗಡಿನ ಪೆಟ್ಟಿಗೆ ತುಂಬಿ ಕೂತಿತ್ತು. ಆ ಪೆಟ್ಟಿಗೆ ಇದು ಮೂರನೆಯ ಸಲ ತುಂಬಿದ್ದು. ೧೯೩೪ರಲ್ಲಿ ಮಳವಳ್ಳಿಯ ಮರಿಸಿದ್ದಯ್ಯ ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ 'ಸಿಕಂದರಾಬಾದ್' ಎಂದು ಬರೆದುಕೊಟ್ಟಿದ್ದ. ಹೊರಡುವ ವಾರ ಕ್ವಾರ್ಟರ್ಸ್ ಖಾಲಿಯಿಲ್ಲ ಎಂಬ ಕಾರ್ಡು ಬಂತು. ಮರುವರ್ಷ ಆ ಹೆಸರಿಗೆ ಬಣ್ಣ ಬಳಿದು 'ಕ್ವೆಟ್ಟಾ' ಎಂದು ಬರೆಸಿದರು. ಜೂನ್ ಹತ್ತಕ್ಕೆ ಅವಳು ಹೊರಡಬೇಕಿತ್ತು. ಮೇ ಮೂವತ್ತೊಂದರ ಬೆಳಗಿನ ಜಾವ ಭೂಕಂಪವಾಗಿ ಕ್ವೆಟ್ಟಾ ನೆಲಸಮವಾಯಿತು. ಸಿದ್ದರಾಜು ಬದುಕಿದ್ದಾನೋ ಇಲ್ಲವೋ ತಿಳಿಯದೆ ಹದಿಮೂರು ದಿನ ಕಳೆದವು. ಹದಿನಾಲ್ಕನೆಯ ದಿನ 'ಕ್ಷೇಮ, ಗದ್ದಕ್ಕೆ ಸ್ವಲ್ಪ ಗಾಯ' ಎಂದು ಎರಡು ಸಾಲು ಬಂತು. ಆವತ್ತು ಪೆಟ್ಟಿಗೆಯಿಂದ ಸೀರೆ ತೆಗೆದು ಗಳುವಿನ ಮೇಲೆ ಹಾಕುವಾಗ ಅವಳು ಅಳಲಿಲ್ಲ. ಆಮೇಲೆ ನಾಲ್ಕು ದಿನ ಎಚ್ಚರವಿಲ್ಲದವಳಂತೆ ನಿದ್ದೆ ಮಾಡಿದಳು.

ಅತ್ತೆ ಬೆಟ್ಟಮ್ಮ ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದಳು.

"ಏನಮ್ಮಿ, ಮುದ್ರೆ ಬಿತ್ತಾ?"

"ಇಲ್ಲ ಕಣತ್ತೆ. ಕಾಗದದಾಗೆ ಬ್ಯಾರೆ ಯಾವಳೋ ಅವ್ಳೆ. ಅವಳಿಗೆ ಮಚ್ಚೆ ಎಡಗೆನ್ನೆ ಮ್ಯಾಲಂತೆ. ಗೀರೂ ಎಡಗಡೆನೇ ಅಂತೆ."

ಬೆಟ್ಟಮ್ಮನ ಮೊರ ಅರೆಗಳಿಗೆ ನಿಂತು ಮತ್ತೆ ಆಡಿತು. "ಗಂಡಸ್ರಿಗೆ ಎಡ ಬಲ ಎಲ್ಲಿ ಗೊತ್ತಾಯ್ತದೆ ಬುಡು. ನಿಮ್ಮಾವ ಸಾಯೋಗಂಟ ಎಡಗಾಲ ಮೆಟ್ಟು ಬಲಗಾಲ್ಗೆ ಆಕ್ಕಂಡು ತಿರುಗ್ದ."

"ನಿಮ್ಮ ಮಗ ಎಂಟು ವರ್ಸದಿಂದ ಲೆಫ್ಟು ರೈಟು ಅನ್ಕಂಡೇ ಸಂಬಳ ತಿಂತಾವ್ರೆ ಕಣತ್ತೆ."

ಬೆಟ್ಟಮ್ಮ ಮೊರ ಕೆಳಗಿಟ್ಟಳು. ರಾಗಿಯಲ್ಲಿ ಕಲ್ಲು ಹುಡುಕತೊಡಗಿದಳು.

ಇಂದ್ರಮ್ಮ ಕಂಬಕ್ಕೆ ಒರಗಿ ಕೂತಳು. ತಲೆಯ ಮೇಲೆ, ಮೊಳೆಗೆ ತೂಗುಹಾಕಿದ ಅಂಗೈಯಗಲದ ಕನ್ನಡಿ. ಮದುವೆಯಾಗಿ ನಾಲ್ಕು ವರ್ಷ. ಗಂಡ ಮನೆಯಲ್ಲಿದ್ದದ್ದು ಮದುವೆ ಮುಗಿದು ಹನ್ನೆರಡು ದಿನ, ಮುಂದಿನ ವರ್ಷ ಇಪ್ಪತ್ತೆಂಟು, ಕ್ವೆಟ್ಟಾದ ಮೇಲೆ ಮೂವತ್ತು. ಒಟ್ಟು ಎಪ್ಪತ್ತು ದಿನ. ಮನೆಯಲ್ಲಿ ಭಾವ ಹೊನ್ನಯ್ಯನ ಸಂಸಾರವೂ ಸೇರಿ ಒಂಬತ್ತು ಜನ. ಹಗಲಲ್ಲಿ ಗಂಡನ ಎದುರು ನಿಲ್ಲುವಂತಿರಲಿಲ್ಲ, ರಾತ್ರಿ ದೀಪ ಆರಿಸದೆ ಇರುವಂತಿರಲಿಲ್ಲ. ಅಷ್ಟರಲ್ಲೂ ಆ ಮನುಷ್ಯ ದಿನಾ ಬೆಳಿಗ್ಗೆ ಈ ಕನ್ನಡಿಯ ಮುಂದೆ ಅರ್ಧ ಗಂಟೆ ಗಡ್ಡ ಹೆರೆಯುತ್ತ ನಿಲ್ಲುತ್ತಿದ್ದ. ಅವಳು ನೀರು ಹೊತ್ತು, ಹಾಲು ಹಿಡಿದು, ಕಸ ತುಂಬಿಕೊಂಡು ಅವನ ಬೆನ್ನ ಹಿಂದೆ ಹತ್ತು ಸಲ ಓಡಾಡಿದರೂ ಒಂದು ಸಲ ಕತ್ತು ತಿರುಗಿಸಿದವನಲ್ಲ.

"ನಿನ್ನ ಗಂಡ ಅವನ ಮುಖನೇ ಮದ್ವೆ ಆಗವ್ನೆ ಕಣೇ," ಎಂದು ಓರಗಿತ್ತಿ ಮಾಯಮ್ಮ ನಗುತ್ತಿದ್ದಳು. ಆಗ ಇಂದ್ರಮ್ಮನೂ ನಕ್ಕಿದ್ದಳು. ಈಗ ಅನ್ನಿಸಿತು: ಇಲ್ಲಿ ನೋಡದವನು ಬೇರೆಲ್ಲೋ ನೋಡಿದ್ದಾನೆ. ಚಹರೆಪಟ್ಟಿ ಬರೆಸಲು ಕೂತಾಗ ಕಣ್ಣ ಮುಂದೆ ಬಂದದ್ದು ಆ ಮುಖ. ಆ ಇನ್ನೊಬ್ಬಳಿಗೂ ಹುಬ್ಬಿನ ಗೀರು ಹೇಗೆ ಬಂತು ಎಂದು ಯೋಚಿಸುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಶುಕ್ರವಾರ ಸಂಜೆ, ಮೊದಲೇ ಬರೆದಿದ್ದಂತೆ ಹೆಂಡತಿಯನ್ನು ಕರೆದೊಯ್ಯಲು, ಬಸ್ಸಿನಿಂದ ಸಿದ್ದರಾಜು ಇಳಿದ. ಹೆಗಲಿಗೆ ಕಿಟ್ ಬ್ಯಾಗು, ಕಣ್ಣ ಕೆಳಗೆ ಕಪ್ಪು. ಮೂರು ದಿನದಿಂದ ಸಾಮಾನು ಕಟ್ಟಿ ಅವನೂ ಸೋತಿದ್ದ. ಇಂದ್ರಮ್ಮ ಕಾಲಿಗೆ ನೀರಿಟ್ಟು ಒಳಗೆ ಹೋದಳು.

"ಕಚೇರಿ ಕೆಲ್ಸ ಆಯ್ತಾ?" ಎಂದು ಅವನು ಗೋಡೆಯನ್ನು ಕೇಳಿದ.

"ಇಲ್ಲ. ನಿನ್ನ ಎಡಗೆನ್ನೆಯವಳ್ನ ಕರ್ಕಬರ್ಬೇಕಂತೆ," ಎಂದಳು ಬೆಟ್ಟಮ್ಮ.

"ಯಾವ ಎಡಗೆನ್ನೆಯವಳವ್ವ?"

"ಅದ್ನ ನಾನ್ಯಾಕ್ಲಾ ಏಳ್ಳಿ? ಬರ್ಸಿರೋನು ನೀನು."

ಪಡಸಾಲೆಯ ತುಂಬ ಜನ ಕೂತಿದ್ದರು. ಸಿದ್ದರಾಜು ತಲೆ ತಗ್ಗಿಸಿ ಮುದ್ದೆ ಮುರಿದ. ಆ ರಾತ್ರಿ ಇಂದ್ರಮ್ಮ ಅತ್ತೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡಳು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹೊನ್ನಯ್ಯ ಮನೆಮಂದಿಯನ್ನು ಕಟ್ಟಿಕೊಂಡು ಕಬ್ಬು ಕಡಿಯಲು ಹೋದ. ಬೆಟ್ಟಮ್ಮ ಹಿತ್ತಲಲ್ಲಿದ್ದಳು. ಸಿದ್ದರಾಜು ಕಂಬದ ಕನ್ನಡಿಯ ಮುಂದೆ ನಿಂತು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡಿದ್ದ. ಇಂದ್ರಮ್ಮ ಬಿಸಿನೀರಿನ ಚೊಂಬು ಹಿಡಿದು ಅವನ ಹಿಂದೆ ಬಂದಳು. ಯಾವಾಗಲೂ ಚೊಂಬಿಟ್ಟು ಸರಿದುಹೋಗುವವಳು ಇಂದು ಅಲ್ಲಿಯೇ ನಿಂತಳು.

ಕನ್ನಡಿಯೊಳಗೆ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಥಟ್ಟನೆ ಸರಿಯಿತು. ಮೆಲ್ಲಗೆ ಮತ್ತೆ ಬಂತು.

"ಯಾರವಳು?" ಎಂದಳು ಇಂದ್ರಮ್ಮ.

"ಯಾರೇ?"

"ಎಡಗೆನ್ನೆ ಮ್ಯಾಲೆ ಮಚ್ಚೆ ಇರೋಳು. ಎಡಹುಬ್ನಾಗೆ ಗೀರಿರೋಳು. ಏಳ್ಬುಡಿ. ನಂಗೆ ಜಗಳ ಆಡೋ ಸಕ್ತಿನೂ ಇಲ್ಲ."

"ಅದು ನೀನೇ ಅಲ್ವೇನೇ?"

"ನಂಗೆ ಎಡಗಡೆ ಏನೈತೆ?"

"ಐತಲ್ಲ, ಇಗಾ!" ಅವನು ಕ್ಷೌರದ ಕತ್ತಿಯ ಹಿಡಿಯಿಂದ ಕನ್ನಡಿಯನ್ನು ತೋರಿಸಿದ. ನೊರೆಯ ನಡುವಿನಿಂದ ಮಾತು ತೊದಲಿತು. "ನಾನೇನು ಸುಮ್ಕೆ ಬರ್ಸಿಲ್ಲ. ಎದುರಿಗೆ ನಿಂತೋರ ಎಡ ಅಂದ್ರೆ ನನ್ನ ಬಲ. ಪಟಾಲಂನಾಗೆ ಮೊದ್ಲು ಕಲಿಸೋದೇ ಅದು. ಎರಡು ಸಲ ಲೆಕ್ಕ ಆಕಿ ಬರ್ಸಿವ್ನಿ. ನೋಡು, ಮಚ್ಚೆ ನನ್ನ ಬಲಕ್ಕೈತೆ. ಅಂದ್ರೆ ನಿನ್ನ ಎಡಕ್ಕೆ..."

ಹಾಗೆ ಹೇಳುತ್ತ, ನಂಬಿಸಲೆಂದು ಅವನು ಹಿಂದಕ್ಕೆ ತಿರುಗಿದ.

ಅವನ ಕೈ ಗಾಳಿಯಲ್ಲೇ ನಿಂತಿತು. ಅವನೆದುರು, ಎರಡಡಿ ದೂರದಲ್ಲಿ, ಬೆಳಗಿನ ಬೆಳಕಿನಲ್ಲಿ ಇಂದ್ರಮ್ಮ ನಿಂತಿದ್ದಳು. ಮಚ್ಚೆ ಅವನ ಎಡಕ್ಕೆ ಹೋಗಿತ್ತು. ಹುಬ್ಬಿನ ಗೀರೂ ಹೋಗಿತ್ತು. ಅವನು ಒಮ್ಮೆ ಕನ್ನಡಿಯತ್ತ ನೋಡಿದ, ಒಮ್ಮೆ ಅವಳತ್ತ ನೋಡಿದ, ಮತ್ತೆ ಕನ್ನಡಿಯತ್ತ. ಕಳೆದುಹೋದ ಎತ್ತನ್ನು ತನ್ನ ಕೊಟ್ಟಿಗೆಯಲ್ಲೇ ಕಂಡವನಂತೆ ಬಾಯಿ ಬಿಟ್ಟುಕೊಂಡಿದ್ದ.

ಇಂದ್ರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಿವಿಯ ತುದಿಯವರೆಗೆ ಬಿಸಿಯಾಯಿತು.

"ಮೂರು ಕೂದಲು ಕೆರೆಯೋಕೆ ಅರ್ಧ ಗಂಟೆ," ಎಂದಳು ಮೆಲ್ಲಗೆ.

"ನೀನು ಓಡಾಡೋಗಂಟ ಕೆರೀಬೇಕಲ್ಲ," ಎಂದ ಸಿದ್ದರಾಜು. "ಅಣ್ಣ ಕೂತಿರೋನು, ಅವ್ವ ಕೂತಿರೋಳು. ತಿರುಗಿ ನೋಡುದ್ರೆ ಊರೆಲ್ಲ ನಗೋರು. ಇದ್ರಾಗೆ ನೋಡುದ್ರೆ ಯಾರ್ಗೆ ಗೊತ್ತಾಯ್ತದೆ? ಒಂದಿನ ಒಂದೇ ಕೆನ್ನೆ ನಾಲ್ಕು ಸಲ ಹೆರೆದು ಚರ್ಮ ಕಿತ್ತೋಯ್ತು ಕಣೇ."

ನಗು ಬರುತ್ತಿತ್ತು. ಜೊತೆಗೆ ನಾಲ್ಕು ವರ್ಷದ ಆಯಾಸವೂ ಮೇಲೆದ್ದಿತು.

"ನಂಗೆ ಸಾಕಾಗೈತೆ," ಎಂದಳು. "ಪೆಟ್ಟಿಗೆ ತುಂಬಾದು, ಪೆಟ್ಟಿಗೆ ಬಿಚ್ಚಾದು. ಇನ್ನೊಂದ್ಸಲ ಬಿಚ್ಚೋ ಅಂಗಾದ್ರೆ ನಾನು ಬತ್ತೀನಿ ಅಂತ ಏಳೋದೇ ಇಲ್ಲ."

ಅವನು ಟವಲಿನಿಂದ ಕೈ ಒರೆಸಿಕೊಂಡ. ಬರುತ್ತೀಯಾ ಎಂದು ಈವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಹುಕುಂ ಬರುತ್ತಿತ್ತು, ಪೆಟ್ಟಿಗೆ ತುಂಬುತ್ತಿತ್ತು.

"ಬತ್ತೀಯಾ?" ಎಂದು ಕೇಳಿದ. "ಅಲ್ಲಿ ಒಂದೇ ರೂಮಂತೆ. ಸುತ್ತ ನೀರು. ನನ್ನ ಮುಖ ಬುಟ್ರೆ ನೋಡೋಕೆ ಬ್ಯಾರೆ ಏನೂ ಇರಾಕಿಲ್ಲ."

ಹಿತ್ತಲ ಬಾಗಿಲಲ್ಲಿ ಬೆಟ್ಟಮ್ಮ ಬೇಕೆಂದೇ ಕೆಮ್ಮಿದಳು. ಇಂದ್ರಮ್ಮ ಉತ್ತರ ಹೇಳದೆ ಚೊಂಬಿಟ್ಟು ಒಳಗೆ ಹೋದಳು.

ಪೆಟ್ಟಿಗೆಯನ್ನೂ ಬಸ್ಸಿಗೆ ಹೇರಿದರು. ಕೆಲಸವಾದರೆ ಮಳವಳ್ಳಿಯಿಂದ ನೇರ ಮದ್ದೂರು ಸ್ಟೇಷನ್ನು. ಬೆಟ್ಟಮ್ಮ ರಸ್ತೆಯವರೆಗೆ ಬಂದು ಸೊಸೆಯ ಕೈಗೆ ಹುರಿಹಿಟ್ಟಿನ ಗಂಟು ಕೊಟ್ಟಳು.

"ಮುದ್ರೆ ಬೀಳ್ದಿದ್ರೆ ಪೆಟ್ಟಿಗೆ ಸಮೇತ ವಾಪಸ್ ಬಾ. ಬಿದ್ರೆ ಈ ಕಡೆ ತಲೆ ಆಕ್ಬ್ಯಾಡ. ಎರಡೆರಡು ಸಲ ಬೀಳ್ಕೊಡೋ ವಯಸ್ಸಲ್ಲ ಕಣಮ್ಮಿ ನಂದು," ಎಂದು ಮುಖ ತಿರುಗಿಸಿ ಮನೆಯತ್ತ ನಡೆದಳು.

ಕಚೇರಿ ತಲುಪಿದಾಗ ಹತ್ತೂವರೆ. ಅಮಲ್ದಾರರ ಕುದುರೆಗಾಡಿ ಬಾಗಿಲಲ್ಲಿ ನಿಂತಿತ್ತು. ಕಸ್ತೂರಿರಂಗಯ್ಯ ಚಹರೆಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಸಿದ್ದರಾಜು 'ಎಡ' ಹೊಡೆದು 'ಬಲ' ಎಂದು ಬರೆದ. ಎರಡು ಕಡೆಯೂ ರುಜು ಹಾಕಿದ.

"ಕಾರಣ?" ಎಂದರು ಶಿರಸ್ತೇದಾರರು.

"ಕಾರಣ ಏನು ಸ್ವಾಮಿ, ತಪ್ಪಾಗಿತ್ತು."

"ಯಾಕೆ ತಪ್ಪಾಯ್ತು ಅನ್ನೋದೇ ಕಾರಣ. ಕಾರಣ ಇಲ್ಲದ ತಿದ್ದುಪಡಿಗೆ ಅಮಲ್ದಾರರು ರುಜು ಹಾಕೋಲ್ಲ."

"ಮರ್ತಿದ್ದೆ ಅಂತ ಬರ್ಕಳಿ."

"ಹೆಂಡತಿ ಮುಖ ಮರೆತವನು ಯಾರನ್ನೋ ಹಡಗು ಹತ್ತಿಸ್ತಾ ಇದಾನೆ ಅಂತ ನಿಮ್ಮ ಕರ್ನಲ್ ಸಾಹೇಬರೇ ಇದನ್ನ ವಾಪಸ್ ಕಳಿಸ್ತಾರೆ. ನಿಜ ಹೇಳಪ್ಪ."

ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಕಾದಿದ್ದರು. ಎಲ್ಲರ ಕಿವಿಯೂ ಈ ಕಡೆಗಿತ್ತು. ಸಿದ್ದರಾಜು ನೆಟ್ಟಗೆ ಕವಾಯತಿನಲ್ಲಿ ನಿಂತಂತೆ ನಿಂತ. ಕತ್ತಿನ ಹಿಂದೆ ಬೆವರು ಇಳಿಯಿತು. ಕ್ವೆಟ್ಟಾದಲ್ಲಿ ಬಿದ್ದ ಗೋಡೆಗಳ ಅಡಿಯಿಂದ ಜನರನ್ನು ಎಳೆದು ತೆಗೆದವನಿಗೆ ಈ ಒಂದು ಮಾತು ಎತ್ತಲಾಗಲಿಲ್ಲ.

ಇಂದ್ರಮ್ಮ ಅವನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು. ಗೋಡೆಯ ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಸುಮ್ಮನಿದ್ದರೆ ಸಾಕು. ಹತ್ತು ನಿಮಿಷ ಸುಮ್ಮನಿದ್ದರೆ ಗಾಡಿ ಹೊರಡುತ್ತದೆ, ಪೆಟ್ಟಿಗೆ ಮನೆಗೆ ಹೋಗುತ್ತದೆ, ಸೀರೆ ಗಳುವಿಗೆ ಹೋಗುತ್ತದೆ. ಕಾಯುವುದು ಅವಳಿಗೆ ರೂಢಿಯಾದ ಕೆಲಸ, ಕಷ್ಟವೇನಲ್ಲ.

ಅವಳು ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ಬರ್ಕಳಿ ಸ್ವಾಮಿ," ಎಂದಳು. ದನಿ ಜಗುಲಿಯ ಕೊನೆಯವರೆಗೂ ಕೇಳಿಸಿತು. "ಮನೇಲಿ ಒಂಬತ್ತು ಜನ. ಎಂಡ್ತೀನ ಎದುರಿಗೆ ನಿಂತು ನೋಡೋಕೆ ನಾಚ್ಕೆ. ಗಡ್ಡ ಕೆರೆಯೋ ಕನ್ನಡೀಲಿ, ಬೆನ್ನಿಂದೆ ಓಡಾಡೋವಾಗ ನೋಡವ್ರೆ. ಅದ್ಕೇ ಎಡ ಬಲ ಆಗೈತೆ. ಬ್ಯಾರೆ ಯಾವ ಹೆಂಗ್ಸೂ ಇಲ್ಲ."

ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ಸಿದ್ದರಾಜುವಿನ ಕಿವಿ ಕೆಂಪಗಾಯಿತು. ಕಸ್ತೂರಿರಂಗಯ್ಯ ನಗಲಿಲ್ಲ. ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

"ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಂಥ ಕಾರಣ ಬರೆದಿಲ್ಲ," ಎಂದು ಗೊಣಗಿದರು. "ಇದನ್ನ ಇಂಗ್ಲಿಷಿನಲ್ಲಿ ಹ್ಯಾಗಮ್ಮ ಬರೆಯೋದು?" ಆದರೂ ಬರೆದರು. ಒಂದೇ ಸಾಲು. ಕಾಗದ ಒಳಗೆ ಹೋಯಿತು. ಒಳಗಿನಿಂದ ಒಂದು ದೊಡ್ಡ ನಗು ಕೇಳಿಸಿತು, ಅದರ ಹಿಂದೆಯೇ ಮುದ್ರೆ ಬಿದ್ದ ಸದ್ದು.

ಹೊರಗೆ ಬಂದ ಮೇಲೆ ಸಿದ್ದರಾಜು ತಡವರಿಸುತ್ತ ಹೇಳಿದ, "ನೀನು ಇನ್ನೂ ಬತ್ತೀನಿ ಅಂತ ಏಳಿಲ್ಲ."

"ಪೆಟ್ಟಿಗೆ ಎತ್ಕಳಿ," ಎಂದಳು ಇಂದ್ರಮ್ಮ. "ಮರಿಸಿದ್ದಯ್ಯನ ಅಂಗಡಿಗೆ ಓಗಣ."

ಮರಿಸಿದ್ದಯ್ಯ ಪೆಟ್ಟಿಗೆ ನೋಡಿ ಕುಂಚ ಕೆಳಗಿಟ್ಟ. "ಏನವ್ವ, ಮತ್ತೆ ಬಂತಾ ಇದು? ಈ ಸಲ ಯಾವೂರು? ನೋಡು, ನಾನು ಬರ್ದಿದ್ದೂರು ಒಂದುಕ್ಕೂ ನೀನು ಓಗಿಲ್ಲ. ನನ್ನ ಕೈ ಗುಣನೇ ಸರಿ ಇಲ್ವೋ ಏನೋ."

"ಈ ಸಲ ಊರು ಬರೀಬ್ಯಾಡ ಕಣಣ್ಣ. ಅವ್ರ ಪಟಾಲಂ ನಂಬರು ಬರಿ, ಅದ್ರ ಕೆಳಗೆ ನನ್ನ ಹೆಸ್ರು ಬರಿ. ಸಾಕು."

ಬಣ್ಣ ಆರುವಷ್ಟು ವ್ಯವಧಾನವಿರಲಿಲ್ಲ. ಮದ್ದೂರು ಬಸ್ಸಿನಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತವಳ ಅಂಗೈಗೆ ತನ್ನದೇ ಹೆಸರಿನ ಅರ್ಧ ಅಂಟಿಕೊಂಡಿತು.

ಬೆಂಗಳೂರಿನ ರೈಲು ಮದ್ದೂರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಅಕ್ಕಪಕ್ಕ ಜಾಗ ಸಿಗಲಿಲ್ಲ. ಎದುರುಬದುರು ಎರಡು ಕಿಟಕಿ ಸಿಕ್ಕವು. ಸಿದ್ದರಾಜು ಪೆಟ್ಟಿಗೆಯನ್ನು ಕಾಲ ಕೆಳಗೆ ತಳ್ಳಿ ಕೂತ. ಅವಳನ್ನು ನೇರವಾಗಿ ನೋಡಿದ. ಸುತ್ತ ಯಾರಾದರೂ ನಗುತ್ತಾರೋ ಎಂದು ಒಮ್ಮೆ ಅತ್ತಿತ್ತ ಕಣ್ಣಾಡಿಸಿ ಮತ್ತೆ ನೋಡಿದ. ಯಾರಿಗೂ ಇವರ ಗೊಡವೆ ಇರಲಿಲ್ಲ.

"ಬಲಗೆನ್ನೆ," ಎಂದ ತುಟಿಯಲ್ಲೇ.

"ಉಸಾರು, ಮರ್ತೀರ," ಎಂದಳು ಅವಳು.

ಕಬ್ಬಿನ ಗದ್ದೆಗಳು ಹಿಂದಕ್ಕೆ ಸರಿದವು. ಹತ್ತು ನಿಮಿಷದಲ್ಲಿ ಅವನಿಗೆ ಜೋಂಪು ಹತ್ತಿತು. ಇನ್ನಷ್ಟು ನೋಡಬೇಕೆಂದು ರೆಪ್ಪೆ ಎತ್ತುತ್ತಿದ್ದ, ಆಗುತ್ತಿರಲಿಲ್ಲ. ಕೊನೆಗೆ ತಲೆ ಕಿಟಕಿಗೆ ಒರಗಿತು.

ಈಗ ಇಂದ್ರಮ್ಮನ ಸರದಿ ಬಂತು. ಮದುವೆಯ ದಿನ ತಲೆ ಎತ್ತಿರಲಿಲ್ಲ. ಬೆಳಿಗ್ಗೆ ಎದುರು ನಿಂತಾಗ ಆ ಮುಖದ ತುಂಬ ನೊರೆಯಿತ್ತು. ಅವಳು ಹಣೆಯಿಂದ ಶುರುಮಾಡಿ ನಿಧಾನವಾಗಿ ಕೆಳಗಿಳಿದಳು. ಬಿಸಿಲಿಗೆ ಸುಟ್ಟ ಮೂಗು. ನಿದ್ದೆಯಲ್ಲೂ ಬಿಗಿಯಾದ ತುಟಿ. ಗದ್ದದ ಗಾಯ, ಮೂರು ಹೊಲಿಗೆ.

ಅವಳು ಮುಂದಕ್ಕೆ ಬಾಗಿದಳು. ಎದುರಿಗೆ ಕೂತವರ ಎಡವೆಂದರೆ ತನ್ನ ಬಲ. ಬೆರಳು ಮಡಿಸಿ ಎರಡು ಸಲ ಲೆಕ್ಕ ಹಾಕಿದಳು. ಎರಡು ಸಲವೂ ಒಂದೇ ಉತ್ತರ ಬಂತು. ಗಾಯ ಎಡಗಡೆ ಇತ್ತು.

ಶಿರಸ್ತೇದಾರರ ಮುಂದೆ ಆಣೆಯಿಟ್ಟಂತೆ ಬಲಗಡೆ ಎಂದು ಹೇಳಿದ್ದಳು. ನೀರು ಹೊತ್ತು, ಹಾಲು ಹಿಡಿದು, ಕಸ ತುಂಬಿಕೊಂಡು ಹತ್ತು ಸಲ ಸುಮ್ಮಸುಮ್ಮನೆ ಓಡಾಡಿದ ಆ ಬೆಳಗುಗಳಲ್ಲಿ ತಾನೂ ಆ ಕನ್ನಡಿಯನ್ನೇ ನೋಡುತ್ತಿದ್ದೆ ಎಂಬುದು ಅವಳಿಗೆ ಈಗ ತಿಳಿಯಿತು. ಸೆರಗು ಬಾಯಿಗೊತ್ತಿಕೊಂಡರೂ ನಗು ತಪ್ಪಿಸಿಕೊಂಡಿತು.

ಸಿದ್ದರಾಜು ಕಣ್ಣು ಬಿಟ್ಟ. "ಊರು ಬಂತಾ? ಯಾಕೇ ನಗ್ತೀಯ?"

"ಏನಿಲ್ಲ. ಇನ್ನೂ ಚನ್ನಪಟ್ಣ. ಮನಿಕ್ಕಳಿ."

ಅವನು ಮತ್ತೆ ಕಣ್ಣು ಮುಚ್ಚಿದ. ಅವಳು ಕಣ್ಣು ತೆಗೆಯಲಿಲ್ಲ. ಇದನ್ನು ಅವನಿಗೆ ಹೇಳಲು ಮೂರು ವರ್ಷವಿತ್ತು.